ಜೀರಿಯ ಹಾರಾಟದ ಪುಸ್ತಕ

ಮಾರ್ಚ್ ೧೦, ಭಾನುವಾರ

ಹಾರಿದ್ದು: ಜೀರಿ ಆರು ಗಂಟೆ ಹತ್ತು ನಿಮಿಷ. ಕೆಂಪ ಐದು ಗಂಟೆ ನಲವತ್ತು ನಿಮಿಷ.

ಹಳೆಯ ಪುಸ್ತಕ ತುಂಬಿತು, ಇದು ಹೊಸದು. ಇಪ್ಪತ್ತೆರಡು ವರ್ಷದಿಂದ ಹೀಗೇ ಬರೆಯುತ್ತಿದ್ದೇನೆ. ಯಾವ ಪಾರಿವಾಳ ಎಷ್ಟು ಹೊತ್ತು ಹಾರಿತು, ಏನು ತಿಂದಿತು, ಎಷ್ಟಕ್ಕೆ ಇಳಿಯಿತು. ಇಷ್ಟೇ ಬರೆಯಬೇಕು ಅಂತ ಪ್ರತಿ ಸಲ ಅಂದುಕೊಳ್ಳುತ್ತೇನೆ, ಆಮೇಲೆ ಊರ ಉಸಾಬರಿಯೆಲ್ಲ ಬರೆದುಬಿಡುತ್ತೇನೆ. ಏನು ಮಾಡುವುದು, ಈ ಮುನಿರಾಮಯ್ಯನ ಮಾತನ್ನು ಮನೆಯಲ್ಲಿ ಕೇಳುವವರು ಯಾರಿದ್ದಾರೆ?

ಏಪ್ರಿಲ್ ೨೮ಕ್ಕೆ ಟೂರ್ನಮೆಂಟ್. ಅವತ್ತು ಬೆಳಗ್ಗೆ ಆರರ ಹೊತ್ತಿಗೆ ಎಲ್ಲರೂ ತಂತಮ್ಮ ಮಾಳಿಗೆಯಿಂದ ಒಂದೊಂದು ಹಕ್ಕಿ ಬಿಡಬೇಕು. ಪ್ರತಿ ಮಾಳಿಗೆಗೂ ಕ್ಲಬ್ಬಿನವರು ಒಬ್ಬ ರೆಫ್ರಿಯನ್ನು ಕಳಿಸುತ್ತಾರೆ. ಯಾರ ಹಕ್ಕಿ ಹೆಚ್ಚು ಹೊತ್ತು ಆಕಾಶದಲ್ಲಿರುತ್ತದೋ ಬಹುಮಾನದ ಕಪ್ಪು ಅವರಿಗೆ. ಪೂರ್ತಿ ಆರು ಗಂಟೆ ಕಾಲ ಹಾರದೆ ಇಳಿದ ಹಕ್ಕಿ ಲೆಕ್ಕಕ್ಕಿಲ್ಲ. ಹೋದ ವರ್ಷ ಜೀರಿ ಒಂಬತ್ತು ನಿಮಿಷ ಕಮ್ಮಿ ಹಾರಿ ಎರಡನೆಯವಳಾದಳು. ಒಂಬತ್ತೇ ನಿಮಿಷ! ವರ್ಷವಿಡೀ ಅದೇ ನನ್ನ ತಲೆ ತಿಂದಿದೆ.

ಅದಕ್ಕೇ ಈ ಸಲ ಶಿಸ್ತು. ಬಿದಿರುಗಳಕ್ಕೆ ಕರಿ ಬಟ್ಟೆ ಕಟ್ಟಿದ್ದೇನೆ. ಇಳಿಯಲು ಬಂದರೆ ಬೀಸುತ್ತೇನೆ, ಹೆದರಿ ಮೇಲೇರುತ್ತವೆ. ನಾನು ಸಾಕು ಅಂದಾಗ ಮಾತ್ರ ಲಕ್ಕಗಳನ್ನು ಬಿಡುತ್ತೇನೆ. ಲಕ್ಕ ಅಂದರೆ ಬಾಲ ಬಿಚ್ಚಿಕೊಂಡು ಓಡಾಡುವ ಬಿಳಿ ಪಾರಿವಾಳ, ಹಾರಲು ಬರುವುದಿಲ್ಲ. ಅವು ಮಾಳಿಗೆಯ ಮೇಲೆ ಕಾಣಿಸಿದರೆ ಊಟದ ಗಂಟೆ ಹೊಡೆದಂತೆ, ಮೇಲಿದ್ದವು ಇಳಿದುಬರುತ್ತವೆ.

ಮಗಳು ಚೇತನಾ ಫೋನ್ ಹಿಡಿದುಕೊಂಡು ಮೇಲೆ ಬಂದಳು. "ಅಪ್ಪಾ, ಮೂವತ್ನಾಲ್ಕು ಡಿಗ್ರಿ ಅಂತೆ ಇವತ್ತು. ಮಾರ್ಚಲ್ಲೇ!"

"ಬೆಂಗಳೂರಲ್ಲಿ ಮೂವತ್ನಾಲ್ಕೆಲ್ಲಾ ಆಗಲ್ಲ ಕಣೇ. ನಿನ್ನ ಫೋನ್ ಕೆಟ್ಟಿರಬೇಕು, ತೋರಿಸು."

ನಮ್ಮಪ್ಪ ಮಹಾಲಕ್ಷ್ಮಿ ಲೇಔಟಿನಲ್ಲಿ ಈ ಮನೆ ಕಟ್ಟಿಸಿದಾಗ ಸೂರಿಗೆ ಫ್ಯಾನಿನ ಕೊಕ್ಕೆಯನ್ನೇ ಹಾಕಿಸಲಿಲ್ಲ. ಬೇಕಿರಲಿಲ್ಲ. ಅಂಥ ಊರು ಇದು.

ಮಾರ್ಚ್ ೧೯, ಮಂಗಳವಾರ

ಹಾರಿದ್ದು: ಜೀರಿ ಐದು ಗಂಟೆ ಐವತ್ತು. ಕೆಂಪ ಐದು ಗಂಟೆ ಐದು.

ಬೋರ್‌ವೆಲ್ ಕೈಕೊಟ್ಟಿತು. ಮೋಟಾರು ಬರೀ ಗಾಳಿ ಉಗುಳುತ್ತಿದೆ. ಟ್ಯಾಂಕರಿನವನಿಗೆ ಬೆಳಗ್ಗೆಯಿಂದ ಫೋನ್ ಮಾಡಿ ಬೆರಳು ಸವೆಯಿತು, ಸಂಜೆ ಬಂದ. ಹಕ್ಕಿಗಳ ಸ್ನಾನದ ತಟ್ಟೆ ತೆಗೆದಿಟ್ಟೆ. ಮನುಷ್ಯರಿಗೇ ಅರ್ಧ ಬಕೆಟ್ಟು, ಪಾರಿವಾಳಕ್ಕೆ ಎಲ್ಲಿಂದ ತರುವುದು?

ಎದುರು ಮಾಳಿಗೆಗೆ ಸಂಕ್ರಾಂತಿಯ ಹೊತ್ತಿಗೆ ಒಬ್ಬ ಗದಗದ ಹೆಂಗಸು ಬಂದಿದ್ದಾಳೆ. ಮಧ್ಯೆ ಎರಡು ಮಾರು ಜಾಗ. ಅವಳು ಸಂಡಿಗೆ ಒಣಹಾಕುತ್ತಾಳೆ, ನನ್ನ ಹಕ್ಕಿಗಳು ಅದರ ಮೇಲೆ ಹಿಕ್ಕೆ ಹಾಕುತ್ತವೆ, ಅವಳು ಕೂಗುತ್ತಾಳೆ. ಇವತ್ತೂ ಕೂಗಿದಳು. ನಾನೂ ಕೂಗಿದೆ.

ಮಾರ್ಚ್ ೨೭, ಬುಧವಾರ

ಹಾರಿದ್ದು: ಜೀರಿ ಆರು ಗಂಟೆ. ಕೆಂಪ ನಾಲ್ಕು ಗಂಟೆ ಐವತ್ತು. ನಾಚಿಕೆಗೇಡು.

ಕೆಂಪ ನಾಲ್ಕು ಸಲ ಇಳಿಯಲು ಬಂದ. ಮೂರು ಸಲ ಓಡಿಸಿದೆ, ನಾಲ್ಕನೆಯದಕ್ಕೆ ಬಟ್ಟೆಯನ್ನೂ ಲೆಕ್ಕಿಸದೆ ಬಂದು ನನ್ನ ಕಾಲ ಹತ್ತಿರವೇ ಕೂತ. ಸೋಮಾರಿ ನನ್ಮಗ.

ಗದಗದ ಹೆಂಗಸು ಗೋಡೆಯಂಚಿಗೆ ಬಂದು ನಿಂತಳು. ಸಂಡಿಗೆಯ ಜಗಳ ತೆಗೆಯುತ್ತಾಳೆ ಅಂತ ನಾನೂ ಸೊಂಟಕ್ಕೆ ಕೈಯಿಟ್ಟು ನಿಂತೆ. ಅವಳು ಹೇಳಿದ್ದೇ ಬೇರೆ.

"ಯಣ್ಣಾ, ನಿಮ್ಮ ಹಕ್ಕಿ ಬಾಯಿ ತಕ್ಕೊಂಡು ಕುಂತಾವ ನೋಡ್ರಿ. ಆ ಗೂಡಿನ ತಗಡಿನ ಬುಡಕ ಅವಕ್ಕ ಕಾದ ಹಂಚಿನ ಮ್ಯಾಲ ಕುಂತಂಗ ಆಗ್ತೈತಿ. ತಗಡಿಗೆ ಸುಣ್ಣಾ ಹಚ್ರಿ, ಹಸಿ ಗೋಣಿತಟ್ಟು ಹಾಸ್ರಿ. ಬಿಸಲಾಗ ಹಾರಸಬ್ಯಾಡ್ರಿ."

"ಇದು ಗದಗ ಅಲ್ಲಮ್ಮಾ, ಬೆಂಗಳೂರು. ಇಲ್ಲಿ ಹದಿನೈದು ದಿನ ಹಿಂಗಿರುತ್ತೆ, ಯುಗಾದಿಗೆ ಮಳೆ ಬಂದು ತಣ್ಣಗಾಗುತ್ತೆ. ನಮಗೆ ಗೊತ್ತು."

"ಹಂಗಂದ್ರ ಛಲೋ ಆತ್ ಬಿಡ್ರಿ," ಅಂದು ಹೋದಳು. ಬಿಸಿಲಿನ ಬಗ್ಗೆ ನನಗೆ ಪಾಠ! ನಾನು ಹುಟ್ಟಿದ್ದು ಇಲ್ಲೇ ಪಕ್ಕದ ರಾಜಾಜಿನಗರದಲ್ಲಿ. ಐವತ್ತೇಳು ಬೇಸಿಗೆ ನೋಡಿದ್ದೇನೆ.

ಏಪ್ರಿಲ್ ೩, ಬುಧವಾರ

ಹಾರಿದ್ದು: ಜೀರಿ ಆರು ಗಂಟೆ ಇಪ್ಪತ್ತು. ಕೆಂಪ ಐದು ಗಂಟೆ ಮೂವತ್ತು.

ಕೆಂಪ ಸತ್ತ.

ಹನ್ನೊಂದೂವರೆಗೆ ಇಳಿದ. ಜೀರಿಯೂ ಇಳಿದ ಮೇಲೆ ಎರಡನ್ನೂ ಗೂಡಿಗೆ ಹಾಕಿ ಲೇತ್ ಶೆಡ್ಡಿಗೆ ಹೋದೆ. ಟೂರ್ನಮೆಂಟ್ ಮುಗಿಯುವವರೆಗೂ ಮಧ್ಯಾಹ್ನದ ಮೇಲೆಯೇ ನನ್ನ ಕೆಲಸ. ಐದಕ್ಕೆ ಬಂದು ನೋಡಿದರೆ ಮೂಲೆಯಲ್ಲಿ ರೆಕ್ಕೆ ಹರಡಿ ಬಿದ್ದಿದ್ದ, ಕೊಕ್ಕು ತೆರೆದೇ ಇತ್ತು. ನೀರಿನ ಬಟ್ಟಲು ಮುಟ್ಟಿದೆ, ಕಾಫಿಯಷ್ಟು ಬಿಸಿ.

ಏನೋ ಕಾಯಿಲೆ ಇರಬೇಕು. ಇಲ್ಲವೇ ಹಳೆಯ ಕಾಳು ತಿಂದಿರಬೇಕು.

ಏಪ್ರಿಲ್ ೪, ಗುರುವಾರ

ಕಾಯಿಲೆಯೇ. ಚೇತನಾ ಬೇರೆ ಏನೋ ಹೇಳುತ್ತಾಳೆ. ನಾನು ಕೇಳುವುದಿಲ್ಲ.

ಏಪ್ರಿಲ್ ೯, ಮಂಗಳವಾರ, ಯುಗಾದಿ

ಹಾರಿದ್ದು: ಜೀರಿ ಐದು ಗಂಟೆ. ಹಬ್ಬ ಅಂತ ಬೇಗ ಇಳಿಸಿದೆ.

ಬೇವುಬೆಲ್ಲ ತಿಂದು ಮಾಳಿಗೆಗೆ ಹೋಗಿ ಆಕಾಶ ನೋಡಿದೆ. ಮಳೆಯ ಸುಳಿವಿಲ್ಲ. ಒಂದು ಮೋಡ, ಅದೂ ಎತ್ತಲೋ ಹೋಯಿತು. ಕೆಳಗೆ ಬಂದೆ. ಕೂರಲಾಗದೆ ಮತ್ತೆ ಹತ್ತಿದೆ. "ಏನ್ರೀ ಅದು, ಹತ್ತೋದು ಇಳಿಯೋದು, ಹಬ್ಬದ ದಿನ ಒಂದು ಕಡೆ ಕೂತ್ಕೊಳಿ," ಅಂತ ಹೆಂಡತಿ ಗಂಗಲಕ್ಷ್ಮಮ್ಮ ಒಲೆ ಮುಂದಿನಿಂದಲೇ ಗದರಿದಳು. ಅವಳಿಗೆ ಗೊತ್ತಿಲ್ಲ, ಹಾರುವ ಹಕ್ಕಿ ಒಂದೇ ಉಳಿದಾಗ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತದೆ.

ಎದುರು ಮಾಳಿಗೆಯಾಕೆ ಗೋಡೆಯಾಚೆಯಿಂದ ಕೋಲಿಗೆ ಚೀಲ ಸಿಕ್ಕಿಸಿ ದಾಟಿಸಿದರು. ಹೋಳಿಗೆ, ಅದರ ಕೆಳಗೆ ಮಡಿಸಿದ ಎರಡು ಗೋಣಿತಟ್ಟು. ಹಬ್ಬದ ದಿನ ಬೇಡ ಅನ್ನಲು ಆಗುತ್ತದೆಯೇ? ಹೋಳಿಗೆ ಚೆನ್ನಾಗಿತ್ತು. ತಟ್ಟನ್ನು ಮೆಟ್ಟಿಲ ಕೆಳಗೆ ಎಸೆದೆ.

ಏಪ್ರಿಲ್ ೧೩, ಶನಿವಾರ

ಚೇತನಾ ತಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನಿಂದ ಹಳೆಯ ಥರ್ಮಾಮೀಟರ್ ತಂದು ಗೂಡಿನ ತಗಡಿನ ಕೆಳಗೆ ನೇತುಹಾಕಿದಳು. ಎರಡು ಗಂಟೆಗೆ ನಲವತ್ಮೂರು.

"ಇದು ಕೆಟ್ಟಿದೆ," ಅಂದೆ.

"ಎಲ್ಲಾನೂ ಕೆಟ್ಟಿದೆ ಅಪ್ಪಾ. ನನ್ನ ಫೋನ್ ಕೆಟ್ಟಿದೆ, ಥರ್ಮಾಮೀಟರ್ ಕೆಟ್ಟಿದೆ, ಕೆಂಪ ತಿಂದಿದ್ದ ಕಾಳು ಕೆಟ್ಟಿತ್ತು. ನೀವೊಬ್ರೇ ಸರಿ ಇರೋದು."

ಸಿಟ್ಟು ನೆತ್ತಿಗೇರಿತು. ಅದನ್ನು ಕಿತ್ತುಕೊಂಡು ಮನೆಯೆಲ್ಲ ತಿರುಗಿದೆ. ದೇವರ ಮನೆಯಲ್ಲಿ ಮೂವತ್ಮೂರು. ಅಡುಗೆಮನೆಯಲ್ಲಿ ಮೂವತ್ತೇಳು, ಅಲ್ಲಿ ಗಂಗ ಸೆರಗಿನಿಂದ ಮುಖಕ್ಕೆ ಗಾಳಿ ಹಾಕಿಕೊಳ್ಳುತ್ತಾ ಮುದ್ದೆ ತಿರುವುತ್ತಿದ್ದಳು. ಫ್ರಿಜ್ಜಿನೊಳಗೆ ಇಟ್ಟೆ, ಏಳಕ್ಕಿಳಿಯಿತು. ಹಾಳಾದ್ದು ಸರಿಯಾಗಿಯೇ ಇದೆ.

ಸಂಜೆ ತಗಡಿಗೆ ಸುಣ್ಣ ಬಳಿದೆ. ಮಗಳ ಬಾಯಿ ಮುಚ್ಚಿಸಲು, ಅಷ್ಟೇ.

ಏಪ್ರಿಲ್ ೧೪, ಭಾನುವಾರ

ತಗಡಿನ ಕೆಳಗೆ ಎರಡು ಗಂಟೆಗೆ ಮೂವತ್ತೊಂಬತ್ತು. ಸುಣ್ಣಕ್ಕೆ ನಾಲ್ಕು ಡಿಗ್ರಿ ಇಳಿದಿದೆ. ಮೆಟ್ಟಿಲ ಕೆಳಗಿನ ತಟ್ಟು ತಂದು ಅಕ್ಕಿ ತೊಳೆದ ನೀರಿನಲ್ಲಿ ಅದ್ದಿ ಗೂಡಿನ ಬಾಯಿಗೆ ಇಳಿಬಿಟ್ಟೆ. ಮೂವತ್ತಾರು.

ಏಪ್ರಿಲ್ ೧೮, ಗುರುವಾರ

ನೀರಿನ ಬಟ್ಟಲು ಬೆಳಗ್ಗೆ ಒಂದು ಸಲ, ಹನ್ನೊಂದಕ್ಕೆ ಒಂದು ಸಲ, ಎರಡಕ್ಕೆ ಒಂದು ಸಲ ಬದಲಿಸಿದ್ದು. ಸ್ಟೀಲ್ ಬಟ್ಟಲು ತೆಗೆದು ಮಣ್ಣಿನದು ಇಟ್ಟಿದ್ದೇನೆ. ತಟ್ಟು ಮೂರು ಸಲ ನೆನೆಸಿದ್ದು. ಶೆಡ್ಡಿನಿಂದ ನಡುಮಧ್ಯಾಹ್ನ ಸ್ಕೂಟರಿನಲ್ಲಿ ಬಂದು ನೋಡಿ ಹೋದೆ. ಮತ್ತೆ ನಾಲ್ಕಕ್ಕೆ ಬಂದೆ. ಇನ್ನೊಂದು ಸಲ ಬರಬೇಕು ಅನ್ನಿಸಿತು, ಅರ್ಧ ದಾರಿಯಿಂದ ವಾಪಸು ಹೋದೆ.

ಟೇಬಲ್ ಫ್ಯಾನನ್ನು ಗೂಡಿನ ಮುಂದಿಟ್ಟಿದ್ದಕ್ಕೆ ಗಂಗ ರಾಮಾಯಣ ಮಾಡಿದಳು. "ಹಕ್ಕಿಗೆ ಫ್ಯಾನು, ನನಗೆ ಸೆರಗು. ಮೂವತ್ತು ವರ್ಷದಿಂದ ಕೇಳ್ತಿದೀನಿ ಅಡುಗೆಮನೆಗೆ ಒಂದು ಫ್ಯಾನ್ ಹಾಕ್ಸಿ ಅಂತ." ಎಲೆಕ್ಟ್ರಿಷಿಯನ್ನನ್ನು ಕರೆದು ಅಡುಗೆಮನೆಯ ಸೂರು ಕೊರೆಸಿ ಕೊಕ್ಕೆ ಹಾಕಿಸಿದೆ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ.

ಶಾಂತವ್ವ ಅಂತ ಎದುರು ಮಾಳಿಗೆಯಾಕೆಯ ಹೆಸರು. ಹಕ್ಕಿಯ ನೀರಿಗೆ ಚಿಟಿಕೆ ಉಪ್ಪು, ಬೆಲ್ಲ ಹಾಕಿ ಅಂತ ಹೇಳಿದರು. ಹಾಕಿದೆ.

ಏಪ್ರಿಲ್ ೨೩, ಮಂಗಳವಾರ

ಇವತ್ತು ಕರಗ. ಕರಗದ ಹೊತ್ತಿಗೆ ಮಳೆ ಬಂದೇ ಬರುತ್ತದೆ ಅಂತ ಇಡೀ ಊರು ನಂಬಿದೆ, ನಾನೂ ನಂಬಿದ್ದೆ. ಒಂದು ಹನಿ ಇಲ್ಲ.

ಜೀರಿ ಸಂಜೆ ನನ್ನ ಭುಜದ ಮೇಲೆ ಕೂತಿದ್ದಳು. ಮೈಮೇಲೆಲ್ಲ ಜೀರಿಗೆ ಚೆಲ್ಲಿದಂಥ ಚುಕ್ಕೆ. ಮೊಟ್ಟೆಯೊಡೆದು ಆರು ದಿನಕ್ಕೆ ತಾಯಿ ಬಿಟ್ಟುಹೋದಾಗ ರಾಗಿ ಅಗಿದು ನನ್ನ ಬಾಯಿಂದಲೇ ಇವಳಿಗೆ ಉಣಿಸಿದ್ದೆ. ಈಗಲೂ ಕಿವಿ ಹತ್ತಿರ ಬಂದು ಕೊಕ್ಕಿನಿಂದ ಕೆದಕುತ್ತಾಳೆ.

ಟೂರ್ನಮೆಂಟಿಗೆ ಐದು ದಿನ.

ಏಪ್ರಿಲ್ ೨೭, ಶನಿವಾರ

ರೆಫ್ರಿ ನಾಗಭೂಷಣ್ ಸಂಜೆ ಬಂದು ಜೀರಿಯ ರೆಕ್ಕೆಗೆ ಮುದ್ರೆ ಒತ್ತಿ ಹೋದರು. ಈ ಸಲ ಇಪ್ಪತ್ಮೂರು ಮಾಳಿಗೆ. ತಾರೀಕು ಮುಂದಕ್ಕೆ ಹಾಕಿ ಅಂತ ನಾಲ್ಕು ಜನ ಕೇಳಿದರಂತೆ, ಕ್ಲಬ್ಬು ಒಪ್ಪಲಿಲ್ಲವಂತೆ.

"ಬಿಡಬೇಡಿ ಅಪ್ಪಾ," ಅಂದಳು ಚೇತನಾ. ಇವತ್ತು ಜಗಳದ ದನಿ ಇರಲಿಲ್ಲ. "ನಾಳೆ ಮೂವತ್ತೆಂಟು ಅಂತಿದಾರೆ. ಇದೊಂದ್ಸಲ ನನ್ನ ಮಾತು ಕೇಳಿ."

"ಒಂದೇ ದಿನ ಕಣೇ. ಬೆಳಗ್ಗೆಯ ತಂಪಲ್ಲೇ ಮುಕ್ಕಾಲು ಹೊತ್ತು ಮುಗಿಯುತ್ತೆ. ಇಷ್ಟು ದಿನ ನೋಡ್ಕೊಂಡಿಲ್ವಾ ನಾನು?"

ಅವಳು ಕೆಳಗಿಳಿದು ಹೋದಳು. ಬಯ್ದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೨೮, ಭಾನುವಾರ

ಆದದ್ದು ಆದಂತೆ ಬರೆಯುತ್ತೇನೆ.

ಆರು ಗಂಟೆ ಐದು ನಿಮಿಷಕ್ಕೆ ಬಿಟ್ಟೆ. ಅಂದರೆ ಹನ್ನೆರಡೂ ಐದರವರೆಗೆ ಅವಳು ಮೇಲಿರಲೇಬೇಕು. ಎಂಟರವರೆಗೆ ಏನು ಚೆಂದ ಹಾರಿದಳು! ಕಣ್ಣಿಗೆ ಸಾಸಿವೆಯಷ್ಟಾಗಿ ಹೋಗಿ ಮತ್ತೆ ಸುತ್ತಿಕೊಂಡು ಬರುತ್ತಿದ್ದಳು. ನಾಗಭೂಷಣ್ ಛತ್ರಿ ಹಿಡಿದು ಕುರ್ಚಿಯಲ್ಲಿ ಕೂತು ಗಂಟೆಗೊಮ್ಮೆ ನೋಡಿ ಬರೆದುಕೊಂಡರು. ಒಂಬತ್ತೂವರೆಗೆ ಮಾಳಿಗೆಯ ನೆಲಕ್ಕೆ ಬರಿಗಾಲು ಇಡಲಾಗಲಿಲ್ಲ. ಹತ್ತರಿಂದ ಅವರ ಫೋನ್ ಬಡಿದುಕೊಳ್ಳತೊಡಗಿತು. ಅಲ್ಲೊಂದು ಇಳಿಯಿತು, ಇಲ್ಲೊಂದು ಇಳಿಯಿತು.

ಹನ್ನೊಂದೂ ಇಪ್ಪತ್ತಕ್ಕೆ ಜೀರಿ ಮೊದಲ ಸಲ ಕೆಳಗೆ ಬಂದಳು. ಬಟ್ಟೆ ಬೀಸಿದೆ. ಹೋದಳು.

"ಬಸವೇಶ್ವರನಗರದ್ದೂ ಇಳೀತಂತೆ," ಅಂದರು ನಾಗಭೂಷಣ್. "ನಂದಿನಿ ಲೇಔಟಿನದು ಒಂದು ಗಂಟೆಯಿಂದ ಕಾಣಿಸ್ತಾ ಇಲ್ವಂತೆ, ಅದೂ ಔಟು. ಮುನಿರಾಮಯ್ಯನೋರೇ, ಇಪ್ಪತ್ಮೂರರಲ್ಲಿ ಮೇಲಿರೋದು ನಿಮ್ದೊಂದೇ. ಆರು ಗಂಟೆ ಮುಟ್ಟಿದ್ರೆ ಸಾಕು, ಕಪ್ಪು ನಿಮ್ದೇ."

ಎದೆ ಹಾರಿತು. ಸುಳ್ಳೇಕೆ ಹೇಳಲಿ, ಸಂತೋಷದಿಂದಲೇ ಹಾರಿತು.

ಹನ್ನೊಂದೂ ಮೂವತ್ತೆಂಟಕ್ಕೆ ಮತ್ತೆ ಬಂದಳು, ನೀರಿನ ಟ್ಯಾಂಕಿನ ಎತ್ತರಕ್ಕೆ. ರೆಕ್ಕೆ ಬಡಿತ ತಪ್ಪುತ್ತಿತ್ತು. ಕೊಕ್ಕು ತೆರೆದಿತ್ತು, ಗಂಟಲೊಳಗಿನ ಕೆಂಪು ಕಾಣುವಷ್ಟು ಹತ್ತಿರ. ಅದನ್ನು ನೋಡುತ್ತಿರುವಾಗಲೇ ನನ್ನ ಕೈ ಎದ್ದಿತು. ನಾನು ಯೋಚಿಸಲಿಲ್ಲ, ಕೈಯೇ ಎದ್ದಿತು, ಬಟ್ಟೆ ಬೀಸಿತು. ಅವಳು ಓಲಾಡಿಕೊಂಡು ಮೇಲೇರಿದಳು. ಕೆಂಪ ಸತ್ತದ್ದು ಕಾಯಿಲೆಯಿಂದಲ್ಲ. ಅವನು ನಾಲ್ಕು ಸಲ ಬೇಡಿಕೊಂಡಿದ್ದ, ನಾನು ಅವನನ್ನು ಸೋಮಾರಿ ಅಂತ ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಅವನನ್ನು ಕೊಂದದ್ದು ನಾನು.

ಗಳವನ್ನು ಎಸೆದು ಓಡಿಹೋಗಿ ಲಕ್ಕಗಳ ಬಾಗಿಲು ತೆಗೆದೆ.

"ಅಯ್ಯೋ, ಏನ್ರೀ ಮಾಡ್ತಿದೀರಾ! ಇನ್ನಿಪ್ಪತ್ತೈದು ನಿಮಿಷ ಕಣ್ರೀ! ಲಕ್ಕ ಬಿಟ್ರೆ ನಾನು ಟೈಮ್ ನಿಲ್ಲಿಸಬೇಕಾಗುತ್ತೆ."

"ನಿಲ್ಸಿ ಸಾರ್."

ಹನ್ನೊಂದೂ ನಲವತ್ತು ಅಂತ ಬರೆದು ಅವರು ಪುಸ್ತಕ ಮುಚ್ಚಿದರು.

ಲಕ್ಕಗಳು ಬಾಲ ಬಿಚ್ಚಿಕೊಂಡು ಮಾಳಿಗೆಯ ತುಂಬ ಓಡಾಡಿದವು. ಕಾಳು ಚೆಲ್ಲಿದೆ. ಬಾಯಲ್ಲಿ ಎರಡು ಬೆರಳಿಟ್ಟು ಶಿಳ್ಳೆ ಹಾಕಿದೆ. ಜೀರಿ ಬಂದಳು, ಗೋಡೆಯವರೆಗೂ ಬಂದಳು, ನನ್ನನ್ನು ನೋಡಿದಳು, ತಿರುಗಿ ಹೋದಳು. ಮತ್ತೆ ಬಂದಳು, ಮತ್ತೆ ಹೋದಳು. "ಬಾರೇ, ಬಾರೇ ನನ್ನವ್ವ," ಅಂತ ಎರಡೂ ಕೈ ಚಾಚಿದೆ. ಕೈ ಕಂಡದ್ದೇ ಇನ್ನೂ ಮೇಲೆ ಹೋದಳು.

ಚೇತನಾ ಯಾವಾಗ ಬಂದಳೋ, ಪಕ್ಕದಲ್ಲಿ ನಿಂತಿದ್ದಳು. ನನ್ನ ತೋಳು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ಅಪ್ಪಾ, ನೀವು ಕೆಳಗೆ ಹೋಗಿ."

"ಯಾಕೆ?"

"ನೀವಿದ್ರೆ ಅದು ಇಳಿಯಲ್ಲ ಅಪ್ಪಾ."

ನಮ್ಮಪ್ಪ ಕಟ್ಟಿಸಿದ ಮಾಳಿಗೆ. ನನ್ನ ಬಾಯಿಂದ ಉಂಡ ಹಕ್ಕಿ. ಮೆಟ್ಟಿಲಿಳಿದು ಹೋಗಿ ನಡುಮನೆಯ ಕತ್ತಲಲ್ಲಿ ಕೂತೆ. ಗಂಗ ಬಂದು ಪಕ್ಕದಲ್ಲಿ ಕೂತಳು. ಗೋಡೆ ಗಡಿಯಾರ ಹನ್ನೆರಡು ಹೊಡೆಯಿತು. ಮೇಲೆ ಸದ್ದಿಲ್ಲ. ಎದ್ದೆ, ಕೂತೆ, ಇನ್ನೊಂದು ಸಲ ಎದ್ದಾಗ ಗಂಗ ಪಂಚೆಯ ಅಂಚು ಹಿಡಿದು ಕೂರಿಸಿದಳು.

ಹನ್ನೆರಡೂ ಇಪ್ಪತ್ತಕ್ಕೆ ಶಾಂತವ್ವನವರ ದನಿ ಕೇಳಿಸಿತು. "ಸಿಕ್ಕಾಳ್ರಿ! ಉಸರ ಐತ್ರಿ!"

ಜೀರಿ ನಮ್ಮ ಮಾಳಿಗೆಗೆ ಇಳಿಯಲಿಲ್ಲ. ಅವರ ಮಾಳಿಗೆಗೆ, ಅವರು ಗುಬ್ಬಿಗಳಿಗೆ ಅಂತ ನೆರಳಲ್ಲಿ ಇಟ್ಟಿದ್ದ ನೀರಿನ ಪರಾತದ ಪಕ್ಕಕ್ಕೆ ಬಿದ್ದಿದ್ದಳು. ನಾನು ಫ್ರಿಜ್ಜಿನಿಂದ ಐಸ್ ಹಿಡಿದು ಓಡಿದೆ. "ಐಸ್ ಬ್ಯಾಡ್ರಿ ಯಣ್ಣಾ, ಒಮ್ಮಿಗೇ ತಂಪ ಮಾಡಿದ್ರ ಎದಿ ಒಡಿತೈತಿ," ಅಂತ ತಡೆದರು. ಬರೀ ಕಾಲನ್ನು ಗಡಿಗೆಯ ನೀರಿನಲ್ಲಿಟ್ಟು, ಬೆರಳ ತುದಿಯಿಂದ ಕೊಕ್ಕಿಗೆ ಹನಿ ಹನಿ ಬಿಟ್ಟರು. ನಾನು ಬಾಗಿಲಲ್ಲೇ ನಿಂತು ನೋಡಿದೆ.

ಕಪ್ಪಿಗೆ ಬೇಕಿದ್ದದ್ದಕ್ಕಿಂತ ಹದಿನೈದು ನಿಮಿಷ ಹೆಚ್ಚೇ ಹಾರಿದಳು, ನನಗೆ ಹೆದರಿ.

ಏಪ್ರಿಲ್ ೩೦, ಮಂಗಳವಾರ

ಬದುಕಿದ್ದಾಳೆ. ಶಾಂತವ್ವನವರ ಮನೆಯ ಬುಟ್ಟಿಯಲ್ಲಿದ್ದಾಳೆ. ಕಾಳು ತಿಂದಳಂತೆ. ನಾನು ಬಗ್ಗಿ ನೋಡಿದರೆ ಮೂಲೆಗೆ ಒತ್ತಿಕೊಂಡು ನಡುಗುತ್ತಾಳೆ.

"ಮರೀತಾಳ್ರಿ, ಒಂದೀಟ ದಿನ ಹೋಗ್ಲಿ," ಅಂದರು ಆಕೆ.

ಮನೆಗೆ ಬಂದು ಬಚ್ಚಲಿನಲ್ಲಿ ಅತ್ತೆ.

ಮೇ ೨, ಗುರುವಾರ

ತಗಡಿನ ಕೆಳಗೆ ಮೂವತ್ತೇಳು. ಲಕ್ಕಗಳಿಗೆ ಸ್ನಾನದ ತಟ್ಟೆ ಇಟ್ಟೆ, ಸೊಪ್ಪು ತೊಳೆದ ನೀರು.

ಜೀರಿಯನ್ನು ಶಾಂತವ್ವನವರು ಬುಟ್ಟಿಯಿಂದ ಹೊರಗೆ ಬಿಟ್ಟಿದ್ದಾರೆ. ಅವರ ಟ್ಯಾಂಕಿನ ಮೇಲೆ ಕೂರುತ್ತಾಳೆ. ಕರಿ ಬಟ್ಟೆಯನ್ನು ಬಿಚ್ಚಿ ಸುಟ್ಟು, ಗಳವನ್ನು ಅವರಿಗೆ ಕೊಟ್ಟೆ. ಅದನ್ನೇ ಆನಿಸಿ ಹಳೆಯ ಸೀರೆಯ ಚಪ್ಪರ ಕಟ್ಟಿದರು, ಅದರಡಿ ನೀರಿನ ಗಡಿಗೆ. ಸಂಡಿಗೆಯನ್ನು ಆಚೆ ಮೂಲೆಗೆ ಒಯ್ದಿದ್ದಾರೆ.

ನಾನು ಸಂಜೆ ನಮ್ಮ ಮಾಳಿಗೆಯಲ್ಲಿ ಕೈ ಕಟ್ಟಿಕೊಂಡು ನೆಲದ ಮೇಲೆ ಕೂರುತ್ತೇನೆ. ಅವಳು ಅಲ್ಲಿಂದ ನೋಡುತ್ತಾಳೆ.

ಮೇ ೩, ಶುಕ್ರವಾರ

ನಾಲ್ಕೂವರೆಗೆ ಮಳೆ ಬಂತು.

ಮೊದಲು ಧೂಳು, ಆಮೇಲೆ ಗಾಳಿ, ಆಮೇಲೆ ದಪ್ಪ ದಪ್ಪ ಹನಿ. ಬೀದಿಯಲ್ಲಿ ಜನ ಚಪ್ಪಾಳೆ ತಟ್ಟಿದರು. ಕೆಳಗೆ ಗಂಗ ಬಟ್ಟೆ ಎತ್ತಿಕೊಳ್ಳಲು ಬಂದವಳು ಎತ್ತಿಕೊಳ್ಳದೆ ನೆನೆಯುತ್ತಾ ನಿಂತಳು. ನಾನು ಕೂತಲ್ಲೇ ಕೂತಿದ್ದೆ. ಲಕ್ಕಗಳು ಹೊರಗೆ ಬಂದು ಒಂದು ಕಡೆಗೆ ವಾಲಿ, ಒಂದೊಂದೇ ರೆಕ್ಕೆ ಎತ್ತಿ ಕಂಕುಳಿಗೆ ಮಳೆ ಬಿಟ್ಟುಕೊಂಡವು.

ಆಗ ಜೀರಿ ಬಂದಳು. ನಡುವಿನ ಎರಡು ಮಾರು ಹಾರಿ ನಮ್ಮ ಗೋಡೆಯ ಮೇಲೆ ಕೂತಳು. ನನ್ನನ್ನು ನೋಡಿದಳು. ನೆಲಕ್ಕಿಳಿದು ಎರಡು ಹೆಜ್ಜೆ ಇಟ್ಟಳು, ನಿಂತಳು, ಮತ್ತೆ ಎರಡು ಹೆಜ್ಜೆ. ನನ್ನ ಮೊಣಕಾಲಿಗೆ ಒಂದು ಮೊಳ ದೂರದಲ್ಲಿ ಅವಳೂ ವಾಲಿ ರೆಕ್ಕೆ ಎತ್ತಿದಳು.

ತಲೆಯಿಂದ ನೀರು ಸುರಿದು ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಒರೆಸಿಕೊಳ್ಳಬೇಕಿತ್ತು. ಕೈ ಎತ್ತಲಿಲ್ಲ.